ಹಿಂದಿನ ಬಲಗಡೆ ಇಂಡಿಕೇಟರ್ ಪದೇ ಪದೇ ಕೈಕೊಡುತ್ತಿದೆ. ವೈರಿಂಗ್ ಪೂರ್ತಿ ಬದಲಿಸಬೇಕಾ?

ಕೆರೆಏರಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನದು 100 ಸಿಸಿ ಬೈಕು, ಹತ್ತು ವರ್ಷ ದಾಟಿದೆ. ಎಂಜಿನ್ ಇನ್ನೂ ಗಟ್ಟಿಮುಟ್ಟಾಗಿದೆ. ಊರು ಚನ್ನರಾಯಪಟ್ಟಣದ ಹತ್ತಿರ. ದಿನಾ ಎರಡು ಹೊತ್ತು ಹಾಲಿನ ಕ್ಯಾನ್ ನೇತುಹಾಕಿಕೊಂಡು ಡೈರಿಗೆ ಹೋಗಬೇಕು. ಡೈರಿ ಇರುವುದು ಹೆದ್ದಾರಿಯ ಆಚೆ ಬದಿ. ಬಲಕ್ಕೆ ತಿರುಗುವ ಜಾಗದಲ್ಲಿ ಹಿಂದಿನಿಂದ ಲಾರಿ, ಬಸ್ಸು ರೊಯ್ಯನೆ ಬರುತ್ತಿರುತ್ತವೆ. ಬೆಳಿಗ್ಗೆ ಇನ್ನೂ ಪೂರ್ತಿ ಬೆಳಕಾಗಿರುವುದಿಲ್ಲ. ಕೈ ತೋರಿಸೋಣ ಎಂದರೆ ಕ್ಯಾನ್ ಭಾರಕ್ಕೆ ಹ್ಯಾಂಡಲ್ ಬಿಡಲು ಆಗುವುದಿಲ್ಲ. ಹಾಗಾಗಿ ಇಂಡಿಕೇಟರ್ ಸರಿ ಇರಲೇಬೇಕು.

ತೊಂದರೆ ಏನೆಂದರೆ, ಹಿಂದಿನ ಬಲಗಡೆ ಇಂಡಿಕೇಟರಿನ ಕುತ್ತಿಗೆ ಮುರಿದು ನೇತಾಡುತ್ತಿತ್ತು. ಟೇಪ್ ಸುತ್ತಿದ್ದೇನೆ, ಸ್ವಲ್ಪ ದಿನಕ್ಕೆ ಮತ್ತೆ ಜೋತು ಬೀಳುತ್ತದೆ. ಬಲಗಡೆ ಸ್ವಿಚ್ ಹಾಕಿದರೆ ಮುಂದಿನದು ಬೇಗ ಬೇಗ ಮಿನುಗುತ್ತದೆ, ಹಿಂದಿನದು ಉರಿಯುವುದೇ ಇಲ್ಲ. ಹೊಸ ಬಲ್ಬ್ ಹಾಕಿದೆ, ಕೆಲವು ದಿನ ಉರಿದು ಮತ್ತೆ ನಿಂತಿತು. ಇನ್ನೊಂದು ವಿಚಿತ್ರ ಇದೆ. ಎಡಗಡೆ ಇಂಡಿಕೇಟರ್ ಹಾಕಿಕೊಂಡು ಬ್ರೇಕ್ ಒತ್ತಿದರೆ ಹಿಂದಿನ ಎಡಗಡೆಯದು ಮಂಕಾಗುತ್ತದೆ. ಬ್ರೇಕ್ ಬಿಟ್ಟರೆ ಸರಿಹೋಗುತ್ತದೆ.

ಪೇಟೆಯಲ್ಲಿ ಒಂದು ಅಂಗಡಿಯಲ್ಲಿ ತೋರಿಸಿದೆ. ವೈರಿಂಗ್ ಹಳೆಯದಾಗಿದೆ, ಪೂರ್ತಿ ಕಿಟ್ ಬದಲಿಸಿ, ನಾಲ್ಕಕ್ಕೂ ಎಲ್ಇಡಿ ಹಾಕಿಬಿಡಿ ಎಂದರು. ಅಷ್ಟೆಲ್ಲ ಬೇಕಾ? ಮುರಿಯದ ಇಂಡಿಕೇಟರ್ ಅಂತ ಯಾವುದಾದರೂ ಇದೆಯಾ? ಗೊತ್ತಿರುವವರು ದಯವಿಟ್ಟು ಹೇಳಿ.

ನಾಗಾಲೋಟ ಬರೆದದ್ದು:

ಎಲ್ಇಡಿ ಹಾಕುವ ಮುಂಚೆ ನನ್ನ ಅನುಭವ ಕೇಳಿ. ನಾನು ಬರೀ ಇಂಡಿಕೇಟರ್ ಬದಲಿಸಿದೆ, ದೀಪ ಮಿನುಗಿಸುವ ರಿಲೇ ಹಳೆಯದೇ ಇತ್ತು. ಹಾಕಿದ ತಕ್ಷಣ ಎಲ್ಲ ಬೇಗ ಬೇಗ ಮಿನುಗಲು ಶುರು. ಎಲ್ಇಡಿಗೆ ಆಗುವ ರಿಲೇ ತಂದು ಹಾಕಿದ ಮೇಲೆ ವೇಗ ಸರಿಯಾಯಿತು. ಆದರೆ ಎಡಕ್ಕೆ ಸ್ವಿಚ್ ಹಾಕಿದರೂ ಬಲಕ್ಕೆ ಹಾಕಿದರೂ ನಾಲ್ಕೂ ಒಟ್ಟಿಗೆ ಮಿನುಗುತ್ತವೆ! ಮೀಟರಿನಲ್ಲಿ ಒಂದೇ ಸಣ್ಣ ದೀಪ ಇದೆ, ಎರಡು ಕಡೆಗೂ ಅದೊಂದೇ. ಇದು ಯಾಕೆ ಹೀಗೆ ಅಂತ ಯಾರಾದರೂ ಹೇಳಿದರೆ ನನಗೂ ಉಪಕಾರ.

ತಿಪಟೂರು ವೈರಿಂಗ್ ಬರೆದದ್ದು:

ನಾನು ಬೈಕು, ಟ್ರ್ಯಾಕ್ಟರ್ ವೈರಿಂಗ್ ಕೆಲಸ ಮಾಡುವವನು. ಕೆರೆಏರಿ ಅವರೇ, ಕಿಟ್ ಸದ್ಯಕ್ಕೆ ಕೊಳ್ಳಬೇಡಿ. ನಿಮ್ಮ ಕಾಯಿಲೆ ಏನು ಅಂತ ನೀವೇ ಬರೆದಿದ್ದೀರಿ. ಬ್ರೇಕ್ ಒತ್ತಿದರೆ ಇಂಡಿಕೇಟರ್ ಮಂಕಾಗುತ್ತದೆ ಎಂದಿರಲ್ಲ, ಅಲ್ಲೇ ಇದೆ. ನಿಮ್ಮ ಬೈಕಿನ ಹಿಂಭಾಗದ ಅರ್ಥ್, ಅಂದರೆ ಕರೆಂಟ್ ವಾಪಸ್ ಹೋಗುವ ದಾರಿ, ಕೆಟ್ಟಿದೆ.

ಬಲ್ಬಿಗೆ ಕರೆಂಟ್ ಬರಲು ಒಂದು ದಾರಿ, ವಾಪಸ್ ಹೋಗಲು ಇನ್ನೊಂದು ದಾರಿ ಬೇಕು. ಬರುವ ವೈರಿನ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ, ಹೋಗುವ ವೈರನ್ನು ಯಾರೂ ನೋಡುವುದಿಲ್ಲ. ಗದ್ದೆಗೆ ಎಷ್ಟೇ ನೀರು ಬಿಡಿ, ಬಸಿಗಾಲುವೆ ಕಟ್ಟಿಕೊಂಡಿದ್ದರೆ ನೀರು ಮುಂದಕ್ಕೆ ಹರಿಯಲ್ಲ, ಅಲ್ವಾ? ಹಿಂದಿನ ಟೇಲ್ ಲೈಟು, ಬ್ರೇಕ್ ಲೈಟು, ಎರಡು ಇಂಡಿಕೇಟರು ಎಲ್ಲವೂ ಸಾಮಾನ್ಯವಾಗಿ ಒಂದೇ ಅರ್ಥ್ ವೈರಿಗೆ ಸೇರಿಕೊಳ್ಳುತ್ತವೆ. ಆ ವೈರು ಸೀಟಿನ ಕೆಳಗೆ ಎಲ್ಲೋ ಚಾಸಿಯ, ಅಂದರೆ ಬೈಕಿನ ಕಬ್ಬಿಣದ ಚೌಕಟ್ಟಿನ, ಬೋಲ್ಟಿಗೆ ಹೋಗಿ ಕೂರುತ್ತದೆ. ಅಲ್ಲಿ ತುಕ್ಕು ಹಿಡಿದರೆ ದಾರಿ ಕಿರಿದಾಗುತ್ತದೆ. ಬ್ರೇಕ್ ಬಲ್ಬು 21 ವ್ಯಾಟ್, ಅದೊಂದೇ ಎರಡು ಆಂಪಿಯರ್ ಹತ್ತಿರ ಎಳೆಯುತ್ತದೆ. ಇಂಡಿಕೇಟರ್ ಬಲ್ಬು 10 ವ್ಯಾಟ್, ಒಂದು ಆಂಪಿಯರ್ ಕೂಡ ಇಲ್ಲ. ಬ್ರೇಕ್ ಒತ್ತಿದ ಕೂಡಲೇ ಆ ತುಕ್ಕಿನ ಜಾಗದಲ್ಲೇ ಒಂದಷ್ಟು ವೋಲ್ಟೇಜ್ ಕಳೆದುಹೋಗುತ್ತದೆ. ಉಳಿದದ್ದರಲ್ಲಿ ಇಂಡಿಕೇಟರ್ ಮಂಕಾಗಿ ಉರಿಯುತ್ತದೆ.

ಮೀಟರ್ ಇಲ್ಲದೆಯೂ ಪರೀಕ್ಷೆ ಮಾಡಬಹುದು. ಉದ್ದನೆಯ ಒಂದು ವೈರ್ ತೆಗೆದುಕೊಳ್ಳಿ, ಎರಡು ತುದಿಯೂ ಸುಲಿಯಿರಿ. ಒಂದು ತುದಿ ಬ್ಯಾಟರಿಯ ನೆಗೆಟಿವ್‌ಗೆ ಭದ್ರವಾಗಿ ಕಟ್ಟಿ. ಪಾಸಿಟಿವ್‌ಗೆ ತಾಗಿಸಬೇಡಿ, ಜೋಪಾನ. ಬಲಗಡೆ ಇಂಡಿಕೇಟರ್ ಹಾಕಿ, ಇನ್ನೊಂದು ತುದಿಯನ್ನು ಹಿಂದಿನ ಬಲ್ಬ್ ಹೋಲ್ಡರಿನ ಹೊರಗಿನ ಲೋಹಕ್ಕೆ ಮುಟ್ಟಿಸಿ. ಬಲ್ಬು ಫಳ್ಳನೆ ಉರಿದರೆ ಅರ್ಥ್‌ದೇ ದೋಷ. ಉರಿಯದಿದ್ದರೆ ಬರುವ ವೈರು ಅಥವಾ ಹೋಲ್ಡರ್ ನೋಡಬೇಕು.

ಮುಂದಿನದು ಬೇಗ ಮಿನುಗುವುದನ್ನು ಕಂಡು ರಿಲೇ ಕೆಟ್ಟಿದೆ ಅಂತ ಬಹಳ ಜನ ಸುಮ್ನೆ ರಿಲೇ ಬದಲಿಸುತ್ತಾರೆ. ಅದು ಕೆಟ್ಟಿಲ್ಲ. ಒಂದು ಬಲ್ಬು ಉರಿಯುತ್ತಿಲ್ಲ ಅಂತ ನಿಮಗೆ ತಿಳಿಸುತ್ತಿದೆ. ಎರಡು ಬಲ್ಬಿನ ಹೊರೆ ಇರಬೇಕಾದ ಕಡೆ ಒಂದರದ್ದೇ ಇದ್ದರೆ ಇಂಥ ರಿಲೇ ವೇಗ ಹೆಚ್ಚಿಸುತ್ತದೆ. ಹಳೆಯ ಕಾಲದ ತಗಡಿನ ರಿಲೇ ಬೇರೆ ರೀತಿ. ಅದರೊಳಗಿನ ಲೋಹದ ಪಟ್ಟಿ ಕರೆಂಟಿನಿಂದ ಕಾದು ಬಾಗಬೇಕು, ಆಗಲೇ ದೀಪ ಆರುವುದು. ಕರೆಂಟ್ ಕಡಿಮೆಯಾದರೆ ಪಟ್ಟಿ ಸಾಕಷ್ಟು ಕಾಯುವುದಿಲ್ಲ, ದೀಪ ಮಿನುಗದೆ ಹಾಗೇ ಉರಿದುಕೊಂಡಿರುತ್ತದೆ. ಮೋಟಾರು ವಾಹನ ನಿಯಮದ ಪ್ರಕಾರ ನಿಮಿಷಕ್ಕೆ 60ಕ್ಕಿಂತ ಕಡಿಮೆ, 120ಕ್ಕಿಂತ ಜಾಸ್ತಿ ಮಿನುಗಬಾರದು. ಗಡಿಯಾರ ಹಿಡಿದು ಅರ್ಧ ನಿಮಿಷ ಎಣಿಸಿದರೆ ನಿಮ್ಮದು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಈಗ ಬಲ್ಬಿನ ವಿಚಾರ. ಹೊಸ ಬಲ್ಬು ಕೆಲವು ದಿನ ಉರಿದು ನಿಂತಿತು ಎಂದಿರಿ. ಅದನ್ನು ಬಿಚ್ಚಿ ಬೆಳಕಿಗೆ ಹಿಡಿದು ನೋಡಿ. ಗಾಜಿನ ಒಳಗಿನ ತಂತಿ ಚೆನ್ನಾಗಿದ್ದರೆ ಬಲ್ಬಿನ ಬುಡ ನೋಡಿ. ಬುಡದಲ್ಲಿ ಬೆಸುಗೆಯ ಒಂದು ಚುಕ್ಕೆ ಇರುತ್ತದೆ. ಹೋಲ್ಡರಿನ ಸ್ಪ್ರಿಂಗ್ ಮೇಲೆ ಅದು ಕೂರಬೇಕು. ಬೈಕು ಅಲುಗಾಡಿ ಅಲುಗಾಡಿ ಆ ಚುಕ್ಕೆ ಸವೆದು ಚಪ್ಪಟೆಯಾಗುತ್ತದೆ, ಸುತ್ತ ಬೂದು ಬಣ್ಣದ ಪುಡಿ ಕೂರುತ್ತದೆ. ಸ್ಪ್ರಿಂಗ್ ಕೂಡ ಕುಗ್ಗಿರುತ್ತದೆ. ಬಲ್ಬನ್ನು ಬೆರಳಲ್ಲಿ ಒತ್ತಿ ಬಿಡಿ. ಪುಟಿಯದೆ ಹಾಗೇ ಕೂತರೆ ಸ್ಪ್ರಿಂಗ್ ಸತ್ತಿದೆ. ಪುಡಿಯನ್ನು ಉಪ್ಪುಕಾಗದದಲ್ಲಿ ಉಜ್ಜಿ ತೆಗೆಯಿರಿ, ಬುಡದ ಮೇಲೆ ಒಂದು ಹನಿ ಬೆಸುಗೆ ಬಿಡಿಸಿ. ಸ್ಪ್ರಿಂಗ್ ಎಳೆದರೂ ನಿಲ್ಲದಿದ್ದರೆ ಹೋಲ್ಡರ್ ಮಾತ್ರ ಬದಲಿಸಿ.

ತಂತಿ ತುಂಡಾಗಿದ್ದರೆ ಅದು ಅಲುಗಾಟದ ಏಟು. ಗಾಜಿನ ಒಳಗೆ ಬಿಳಿ ಪುಡಿ ಕೂತಿದ್ದರೆ ಗಾಳಿ ಒಳಗೆ ಸೇರಿದೆ. ಬಲ್ಬುಗಳು ಮುಂದೆ ಹಿಂದೆ ಎಲ್ಲ ಕಡೆ ಪದೇ ಪದೇ ಸುಡುತ್ತಿದ್ದರೆ ಮಾತ್ರ ಬೇರೆ ಯೋಚನೆ ಮಾಡಿ. ಎಂಜಿನ್ ಸ್ವಲ್ಪ ಏರಿಸಿ ಬ್ಯಾಟರಿ ವೋಲ್ಟೇಜ್ ನೋಡಬೇಕು. 14ರ ಆಸುಪಾಸು ಇರಬೇಕು, 15 ದಾಟಿದರೆ ವೋಲ್ಟೇಜ್ ಹದದಲ್ಲಿಡುವ ರೆಗ್ಯುಲೇಟರ್ ಹೋಗಿದೆ. ನಿಮ್ಮದಕ್ಕೆ ಆ ಲಕ್ಷಣ ಇಲ್ಲ.

ಇನ್ನು ಟೇಪ್. ಟೇಪ್ ಸುತ್ತಿದ ಇಂಡಿಕೇಟರ್ ಜೋತಾಡುವಾಗ ಅದರ ಭಾರವೆಲ್ಲ ಒಳಗಿನ ಎರಡು ಸಣ್ಣ ವೈರಿನ ಮೇಲೆ ಬೀಳುತ್ತದೆ. ಹೊರಗಿನ ಪ್ಲಾಸ್ಟಿಕ್ ಚೆನ್ನಾಗೇ ಕಾಣುತ್ತದೆ, ಒಳಗೆ ತಾಮ್ರದ ಎಳೆಗಳು ಒಂದೊಂದೇ ತುಂಡಾಗುತ್ತಾ ಹೋಗುತ್ತವೆ. ವೈರನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ತುಂಡಾದ ಜಾಗದಲ್ಲಿ ರಬ್ಬರ್ ಹಾಗೆ ಹಿಗ್ಗುತ್ತದೆ. ಅಲ್ಲಿ ಕತ್ತರಿಸಿ, ಒಂದು ಬೆಟ್ಟು ಜಾಸ್ತಿ ವೈರ್ ಬಿಟ್ಟು ಜೋಡಿಸಿ, ಬೆಸುಗೆ ಹಾಕಿ, ಮೇಲೆ ಶಾಖಕ್ಕೆ ಕುಗ್ಗುವ ಸ್ಲೀವ್ ಏರಿಸಿ. ಬರೀ ಹೊಸೆದು ಟೇಪ್ ಹಾಕಿದರೆ ಒಂದು ಮಳೆಗಾಲ ನಿಲ್ಲುವುದೂ ಕಷ್ಟ.

ಮುರಿಯದ ಇಂಡಿಕೇಟರ್ ಅಂತ ಇಲ್ಲ. ಬಾಗುವ ಇಂಡಿಕೇಟರ್ ಇದೆ. ಗಟ್ಟಿ ಪ್ಲಾಸ್ಟಿಕ್ ಕುತ್ತಿಗೆಯದು ಮೊದಲ ಏಟಿಗೇ ಹೋಗುತ್ತದೆ. ಬಸ್ ಸ್ಟ್ಯಾಂಡಿನಲ್ಲಿ ಪಕ್ಕದವರು ಬೈಕು ತೆಗೆಯುವಾಗ ಹ್ಯಾಂಡಲ್ ತಗುಲಿದರೂ ಸಾಕು. ರಬ್ಬರ್ ಕುತ್ತಿಗೆಯದನ್ನೇ ಕೇಳಿ ತೆಗೆದುಕೊಳ್ಳಿ. ಅಂಗಡಿಯಲ್ಲೇ ಕೈಯಲ್ಲಿ ಹಿಡಿದು ಪೂರ್ತಿ ಬಗ್ಗಿಸಿ ಬಿಡಿ. ವಾಪಸ್ ನೆಟ್ಟಗೆ ಬರಬೇಕು, ಬಾಗಿದ ಕಡೆ ಸಣ್ಣ ಬಿರುಕೂ ಕಾಣಬಾರದು. ಶೋಕೇಸಿನಲ್ಲಿ ಬಿಸಿಲು ಕಾಯ್ದ ಮಾಲಾದರೆ ರಬ್ಬರ್ ಮೊದಲೇ ಗಡುಸಾಗಿರುತ್ತದೆ, ಬೇರೆ ತೋರಿಸಿ ಅನ್ನಿ. ಬಲ್ಬು 10 ವ್ಯಾಟ್ ಇದ್ದರೆ 10 ವ್ಯಾಟ್‌ದೇ ಹಾಕಿ. ಜಾಸ್ತಿ ಬೆಳಕು ಬರಲಿ ಅಂತ 21 ಹಾಕಿದರೆ ಲೆನ್ಸ್ ಕಾದು ಸೊಟ್ಟಗಾಗುತ್ತದೆ, ಮಿನುಗುವ ವೇಗವೂ ಕೆಡಬಹುದು.

ಎಲ್ಇಡಿ ಬೇಡ ಅಂತ ನಾನು ಹೇಳುವುದಿಲ್ಲ. ತಂತಿ ಇಲ್ಲ, ಹಾಗಾಗಿ ಅಲುಗಾಟಕ್ಕೆ ಸಾಯುವುದಿಲ್ಲ, ಬ್ಯಾಟರಿಗೂ ಹಗುರ. ಆದರೆ ಅಗ್ಗದ ಸೆಟ್‌ನಲ್ಲಿ ಒಳಗೆ ನೀರು ಹೋಯಿತು ಅಂದರೆ ಪೂರ್ತಿ ಬಿಸಾಡಬೇಕು, ಬಲ್ಬಿನ ಹಾಗೆ ಬಿಚ್ಚಿ ಹಾಕಲು ಬರುವುದಿಲ್ಲ. ಮಧ್ಯಾಹ್ನದ ಬಿಸಿಲಲ್ಲಿ ಎಷ್ಟೋ ಸೆಟ್ ಉರಿಯುತ್ತಿವೆಯೋ ಇಲ್ಲವೋ ಅಂತಲೇ ಗೊತ್ತಾಗುವುದಿಲ್ಲ. ಹೆದ್ದಾರಿ ದಾಟುವವರಿಗೆ ನಾನು ಅಂಥದ್ದನ್ನು ಹಾಕಿಕೊಡುವುದಿಲ್ಲ.

ನಾಗಾಲೋಟ ಅವರೇ, ನಿಮ್ಮ ನಾಲ್ಕೂ ಮಿನುಗುವುದಕ್ಕೆ ಆ ಮೀಟರಿನ ಒಂಟಿ ದೀಪವೇ ಕಾರಣ. ಅದರ ಒಂದು ಕಾಲು ಎಡಗಡೆ ವೈರಿಗೆ, ಇನ್ನೊಂದು ಕಾಲು ಬಲಗಡೆ ವೈರಿಗೆ ಸೇರಿರುತ್ತದೆ. ಎಡಗಡೆ ಹಾಕಿದಾಗ ಕರೆಂಟು ಆ ದೀಪದ ಮೂಲಕ ಬಲಗಡೆಗೆ ದಾಟಿ, ಅಲ್ಲಿನ ಬಲ್ಬಿನ ಮೂಲಕ ಅರ್ಥ್ ಆಗುತ್ತದೆ. 10 ವ್ಯಾಟ್ ಬಲ್ಬಿಗೆ ಅಷ್ಟು ಸಣ್ಣ ಕರೆಂಟ್ ಸಾಲದು, ಉರಿಯುತ್ತಿರಲಿಲ್ಲ. ಎಲ್ಇಡಿಗೆ ಅಷ್ಟೇ ಸಾಕು. ಮೀಟರ್ ದೀಪದ ಎರಡೂ ವೈರ್ ಬಿಚ್ಚಿ, ಒಂದೊಂದಕ್ಕೂ 1ಎನ್4007 ಡಯೋಡ್ ಹಾಕಿ, ಅದು ಕರೆಂಟನ್ನು ಒಂದೇ ಕಡೆಗೆ ಬಿಡುತ್ತದೆ. ಡಯೋಡಿನ ಬೆಳ್ಳಿ ಗೆರೆ ದೀಪದ ಕಡೆ ಇರಲಿ. ಎರಡು ಡಯೋಡ್ ಕೂಡುವ ಜಾಗದಿಂದ ದೀಪದ ಒಂದು ಕಾಲಿಗೆ, ದೀಪದ ಇನ್ನೊಂದು ಕಾಲಿಂದ ಅರ್ಥ್‌ಗೆ. ಡಯೋಡಿಗೆ ಖರ್ಚು ಕೆಲವೇ ರೂಪಾಯಿ.

ಕಡಲತಡಿ ಬರೆದದ್ದು:

ನಾನು ಉಡುಪಿಯವಳು, ಮಳೆಗಾಲ ಪೂರ್ತಿ ಬೈಕಿನಲ್ಲೇ ಆಫೀಸಿಗೆ ಹೋಗುವವಳು. ಮೇಲಿನವರು ಹೇಳಿದ್ದಕ್ಕೆ ನೀರಿನ ವಿಷಯ ಸೇರಿಸುತ್ತೇನೆ.

ಇಂಡಿಕೇಟರಿನ ಕೆಳಭಾಗದಲ್ಲಿ ಸಣ್ಣ ತೂತು ಇರುತ್ತದೆ, ಒಳಗೆ ಸೇರಿದ ನೀರು ಇಳಿದುಹೋಗಲಿ ಅಂತ. ಅದು ಮಣ್ಣಿನಿಂದ ಮುಚ್ಚಿಹೋಗಿದೆಯಾ ನೋಡಿ, ಬೆಂಕಿಕಡ್ಡಿಯಲ್ಲಿ ಚುಚ್ಚಿ ಬಿಡಿಸಿ. ಹೊಸದು ಹಾಕುವಾಗ ಎಡ ಬಲ ಅದಲುಬದಲಾದರೆ ತೂತು ಮೇಲೆ ಬರುತ್ತದೆ ಮಾರಾಯ್ರೆ, ಆಮೇಲೆ ಮಳೆನೀರು ಒಳಗೇ ತುಂಬುತ್ತದೆ. ನಮ್ಮ ಬೀದಿಯಲ್ಲೇ ಅಂಥ ಬೈಕು ಇದೆ, ಲೆನ್ಸಿನ ಒಳಗೆ ಅರ್ಧದವರೆಗೆ ನೀರು ನಿಂತಿರುತ್ತದೆ.

ಸೋರುತ್ತದೆ ಅಂತ ಸುತ್ತಲೂ ಸಿಲಿಕಾನ್ ಮೆತ್ತುವವರು ಇದ್ದಾರೆ. ತೂತನ್ನೂ ಸೇರಿಸಿ ಮೆತ್ತಿದರೆ ಒಳಗಿನ ತೇವ ಒಳಗೇ ಉಳಿಯುತ್ತದೆ. ಇನ್ನೊಂದು, ವಿನೆಗರ್ ವಾಸನೆ ಬರುವ ಸಿಲಿಕಾನ್ ಇಲ್ಲಿಗೆ ಆಗದು. ಅದು ಒಣಗುವಾಗ ಬಿಡುವ ಆಮ್ಲ ತಾಮ್ರ, ಹಿತ್ತಾಳೆಗಳನ್ನು ತಿನ್ನುತ್ತದೆ. ಲೆನ್ಸಿನ ರಬ್ಬರ್ ವಾಷರ್ ಒಂದು ಹೊಸದು ಹಾಕಿದರೆ ಸಾಕು. ಸ್ಕ್ರೂ ಜಾಸ್ತಿ ಬಿಗಿ ಮಾಡಬೇಡಿ, ಪ್ಲಾಸ್ಟಿಕ್ ಸೀಳುತ್ತದೆ. ಲೆನ್ಸನ್ನು ಪೆಟ್ರೋಲ್ ಬಟ್ಟೆಯಿಂದ ಒರೆಸಬೇಡಿ, ಸಣ್ಣ ಸಣ್ಣ ಬಿರುಕು ಬರುತ್ತದೆ. ಸೋಪಿನ ನೀರು ಸಾಕು.

ನಮ್ಮ ಕಡೆ ಉಪ್ಪುಗಾಳಿಗೆ ವೈರ್ ಜೋಡಿಸುವ ಕಪ್ಲರ್ ಒಳಗೆಲ್ಲ ಹಸಿರು ಕಿಲುಬು ಹಿಡಿಯುತ್ತದೆ. ಮಳೆಗಾಲ ಶುರುವಾಗುವ ಮೊದಲು ಒಮ್ಮೆ ಎಲ್ಲ ಕಪ್ಲರ್ ಬಿಚ್ಚಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಒಣಗಿದ ಮೇಲೆ ಸ್ವಲ್ಪ ವ್ಯಾಸಲಿನ್ ಸವರಿ ಹಾಕುತ್ತೇನೆ. ಹ್ಯಾಂಡಲ್ ಮೇಲಿನ ಸ್ವಿಚ್ ಕೂಡ ಬಿಚ್ಚಬಹುದು. ಆದರೆ ಒಳಗೆ ಒಂದು ಪುಟ್ಟ ಸ್ಪ್ರಿಂಗ್, ಒಂದು ಉಕ್ಕಿನ ಗುಂಡು ಇರುತ್ತದೆ, ಬಿಚ್ಚಿದ ಕೂಡಲೇ ಹಾರುತ್ತದೆ. ಕೆಳಗೆ ಬಿಳಿ ಬಟ್ಟೆ ಹಾಸಿಕೊಂಡು ಬಿಚ್ಚಿ.

ಕೆರೆಏರಿ ಬರೆದದ್ದು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ತಿಪಟೂರಿನ ಅಣ್ಣ ಹೇಳಿದ ಹಾಗೆ ನೆಗೆಟಿವ್‌ನಿಂದ ವೈರ್ ಎಳೆದು ಹೋಲ್ಡರಿಗೆ ಮುಟ್ಟಿಸಿದೆ. ಬಲ್ಬು ಜೋರಾಗಿ ಉರಿಯಿತು, ಮುಂದಿನದರ ವೇಗವೂ ತಕ್ಷಣ ಸರಿಯಾಯಿತು! ಬಲ್ಬು ಸುಟ್ಟೇ ಇರಲಿಲ್ಲ. ಸೀಟ್ ಬಿಚ್ಚಿ ನೋಡಿದರೆ ಹಸಿರು ಅರ್ಥ್ ವೈರ್ ಕೂತಿದ್ದ ಬೋಲ್ಟ್ ಪೂರ್ತಿ ತುಕ್ಕು. ಹಾಲು ತುಳುಕಿ ಅಲ್ಲಿಗೇ ಇಳಿಯುತ್ತಿದೆ ಅನ್ನಿಸುತ್ತದೆ, ಸುತ್ತ ಬಿಳಿ ಕರೆ ಕಟ್ಟಿದೆ. ಉಡುಪಿಯ ಅಕ್ಕ ಹೇಳಿದ ತೂತು ಕೂಡ ಮುಚ್ಚಿತ್ತು, ಚುಚ್ಚಿ ಬಿಡಿಸಿದೆ.

ಎರಡು ವಿಷಯ ಕೇಳಬೇಕು. ಆ ಬೋಲ್ಟ್ ಜಾಗವನ್ನು ಮತ್ತೆ ತುಕ್ಕು ಹಿಡಿಯದ ಹಾಗೆ ಮಾಡುವುದು ಹೇಗೆ? ರಬ್ಬರ್ ಕುತ್ತಿಗೆಯ ಇಂಡಿಕೇಟರ್ ತಂದಿದ್ದೇನೆ, ಆದರೆ ಕ್ಯಾನ್ ಇಳಿಸುವಾಗ ಅದೇ ಜಾಗಕ್ಕೆ ತಗುಲುತ್ತದೆ. ಕ್ಯಾನ್ ಇದ್ದಾಗ ಹಿಂದಿನಿಂದ ನೋಡಿದರೆ ಇಂಡಿಕೇಟರ್ ಅರ್ಧ ಮರೆಯಾಗಿರುತ್ತದೆ.

ತಿಪಟೂರು ವೈರಿಂಗ್ ಬರೆದದ್ದು:

ಬಹಳ ಸಂತೋಷ ಆಯಿತು. ಕಿಟ್ಟಿನ ದುಡ್ಡು ಉಳಿಯಿತು.

ಹಾಲು ಒಣಗಿದರೂ ಆ ಕರೆ ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ಮೊದಲು ಬಿಸಿನೀರಿನ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ, ಪೂರ್ತಿ ಒಣಗಿಸಿ. ಬ್ಯಾಟರಿ ನೆಗೆಟಿವ್ ಬಿಚ್ಚಿಟ್ಟು ಕೆಲಸ ಮಾಡಿ. ಚಾಸಿಯಲ್ಲಿ ವೈರಿನ ಉಂಗುರ ಕೂರುವಷ್ಟು ಜಾಗ ಮಾತ್ರ ಬಣ್ಣ ಹೋಗಿ ಬಿಳಿ ಕಬ್ಬಿಣ ಕಾಣುವ ತನಕ ಉಜ್ಜಿ. ಹಳೆ ಉಂಗುರ ಕತ್ತರಿಸಿ ಹೊಸದು ಒತ್ತಿಸಿ. ಕತ್ತರಿಸಿದಾಗ ತಾಮ್ರ ಕಪ್ಪಗೆ ಕಂಡರೆ, ಹೊಳೆಯುವ ತಾಮ್ರ ಸಿಗುವ ತನಕ ಹಿಂದಕ್ಕೆ ಸುಲಿಯಿರಿ. ಹಲ್ಲಿರುವ ವಾಷರ್ ಹಾಕಿ ಬೋಲ್ಟ್ ಬಿಗಿ ಮಾಡಿ. ಗ್ರೀಸ್ ಹಚ್ಚುವುದು ಬಿಗಿ ಮಾಡಿದ ಮೇಲೆ, ಮೇಲಿನಿಂದ. ಹಾಗೆಯೇ ಆ ಬೋಲ್ಟಿನಿಂದ ಬ್ಯಾಟರಿ ನೆಗೆಟಿವ್‌ಗೆ ಇನ್ನೊಂದು ವೈರ್ ಎಳೆದುಬಿಡಿ.

ಕ್ಯಾನಿನ ವಿಷಯಕ್ಕೆ ಇಂಡಿಕೇಟರ್ ಜಾಗ ಬದಲಿಸಲೇಬೇಕು. ಎಷ್ಟು ಒಳ್ಳೆಯ ರಬ್ಬರ್ ಆದರೂ ದಿನಾ ಎರಡು ಹೊತ್ತು 40 ಲೀಟರ್ ಕ್ಯಾನ್ ತಗುಲಿದರೆ ಉಳಿಯಲ್ಲ. ನನ್ನ ಹತ್ತಿರ ಬರುವ ಹಾಲಿನವರಿಗೆ ನಾನು ಮಾಡಿಸುವುದು ಹೀಗೆ. ಕ್ಯಾನ್ ಕೊಕ್ಕೆ ಹಾಕುವ ಕಬ್ಬಿಣದ ಫ್ರೇಮ್ ಇರುತ್ತದಲ್ಲ, ಅದರ ಹಿಂದಿನ ಅಡ್ಡಪಟ್ಟಿಗೆ ವೆಲ್ಡಿಂಗ್ ಶಾಪಿನಲ್ಲಿ ಎರಡು ಸಣ್ಣ ಪ್ಲೇಟ್ ಹಾಕಿಸಿ. ಪ್ಲೇಟ್ ಕ್ಯಾನಿನ ಹೊಟ್ಟೆಗಿಂತ ಹಿಂದಕ್ಕೆ ಇರಬೇಕು. ಕ್ಯಾನಿಗಿಂತ ಹೊರಗೆ ಚಾಚಬಾರದು, ಚಾಚಿದರೆ ಗೇಟಿಗೆ, ಕಂಬಕ್ಕೆ ತಗುಲುತ್ತದೆ. ವೆಲ್ಡಿಂಗ್ ಮಾಡುವಾಗ ಬ್ಯಾಟರಿಯ ಎರಡೂ ವೈರ್ ಬಿಚ್ಚಿರಲಿ. ಆ ಫ್ರೇಮಿಗೆ ಬಣ್ಣ ಬಳಿದಿರುತ್ತದೆ, ಅದನ್ನೇ ನಂಬಿ ಅರ್ಥ್ ಬಿಡಬೇಡಿ. ಎರಡೂ ಇಂಡಿಕೇಟರಿಗೆ ಬೇರೆ ಬೇರೆ ಅರ್ಥ್ ವೈರ್ ಎಳೆದು ಸೀಟಿನ ಕೆಳಗಿನ ಅದೇ ಬೋಲ್ಟಿಗೆ ತನ್ನಿ. ವೈರನ್ನು ಪೈಪಿನ ಒಳಮಗ್ಗುಲಲ್ಲಿ ಸ್ಲೀವ್ ಹಾಕಿ ಕಟ್ಟಿ, ಕೊಕ್ಕೆ ಉಜ್ಜುವ ಕಡೆ ಬೇಡ.

ಎಲ್ಲ ಆದ ಮೇಲೆ ಕ್ಯಾನ್ ಎರಡೂ ತುಂಬಿಸಿ ನೇತುಹಾಕಿ, ಮನೆಯವರನ್ನು ಯಾರನ್ನಾದರೂ ಬೈಕಿನ ಹಿಂದೆ ದೂರ ನಿಲ್ಲಿಸಿ, ಇಂಡಿಕೇಟರ್ ಹಾಕಿ ಬ್ರೇಕ್ ಒತ್ತಿ ನೋಡಿಸಿ. ನೇರ ಹಿಂದೆ ಒಮ್ಮೆ, ಸ್ವಲ್ಪ ಬಲಕ್ಕೆ ಸರಿದು ಇನ್ನೊಮ್ಮೆ. ಲಾರಿಯವನು ನೋಡುವುದು ಆ ಬಲಗಡೆ ಮೂಲೆಯಿಂದಲೇ, ಎತ್ತರದಿಂದ. ಹಾಗಾಗಿ ಜಗಲಿ ಮೇಲೆ ನಿಂತು ನೋಡಿದರೆ ಇನ್ನೂ ಒಳ್ಳೆಯದು. ಅಲ್ಲಿಂದಲೂ ಕಾಣದಿದ್ದರೆ ಪ್ಲೇಟನ್ನು ಇನ್ನೂ ಸ್ವಲ್ಪ ಮೇಲಕ್ಕೆ ಏರಿಸಿಕೊಡಲು ಹೇಳಿ. ಮೊದಲು ತಾತ್ಕಾಲಿಕವಾಗಿ ಒಂದೆರಡು ಚುಕ್ಕೆ ವೆಲ್ಡ್ (ಟ್ಯಾಕ್) ಹಾಕಿಸಿ ನೋಡಿ, ಆಮೇಲೆ ಪೂರ್ತಿ ವೆಲ್ಡ್ ಮಾಡಿಸಿ.